ನಾನು ಸಾಕಿದ ಚಿಗಟಗಳು

ಬೆಕ್ಕು ಸಾಕಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಚಿಗಟ ಸಾಕಿದವಳು ಬಹುಶಃ ನಾನೊಬ್ಬಳೇ. ಗೊತ್ತಿಲ್ಲದೆ ಸಾಕಿದ್ದಲ್ಲ, ಗೊತ್ತಿದ್ದು, ಬೇಕೆಂದೇ, ದೂರದಿಂದ ಹೊತ್ತು ತಂದು ಸಾಕಿದೆ. ಅವು ಕಚ್ಚಿದ್ದು ನಮ್ಮ ಮನೆಯವರನ್ನೇ. ಅದು ಹೋಗಲಿ, ಕೆರೆದುಕೊಂಡರೆ ಮುಗಿಯಿತು. ಆದರೆ ಅವುಗಳಿಂದಾಗಿ ನನ್ನ ಅಕ್ಕ ತನ್ನ ಬೆಕ್ಕುಗಳನ್ನು ಕಳೆದುಕೊಂಡಳು. ಯಾಕೆ ಕಳೆದುಕೊಂಡೆನೆಂದು ಅವಳಿಗೆ ಈವತ್ತಿಗೂ ಪೂರ್ತಿ ಗೊತ್ತಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಲಿಗಂಜಿನ ಒಂದು ಓಣಿಯಲ್ಲಿ ಅಪ್ಪನ ಸಣ್ಣ ಹೋಟೆಲು. ಕೆಳಗೆ ಇಡ್ಲಿ, ದೋಸೆ, ಕಾಫಿ. ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಉಡುಪಿ ಕಡೆಯಿಂದ ಬಂದವರಾದ್ದರಿಂದ ಮನೆಯೊಳಗೆ ಊರಿನ ಕನ್ನಡ, ಬಾಗಿಲು ದಾಟಿದರೆ ಬಂಗಾಳಿ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ನಾನು ಏಳನೆಯ ತರಗತಿಯಲ್ಲಿ ಎರಡು ಸಲ ಕೂತು, ಮೂರನೆಯ ಸಲ ಮೇಷ್ಟರಿಗೇ ಬೇಸರವಾಗಿ, ಶಾಲೆ ಬಿಟ್ಟು ಅಮ್ಮನ ಜೊತೆ ಅಕ್ಕಿ ಉದ್ದು ತೊಳೆಯುತ್ತಿದ್ದೆ. ಕನ್ನಡ ಅಕ್ಷರ ಕಲಿಸಿದ್ದು ಅಮ್ಮ. ಈಗ ಬರೆಯುತ್ತಿರುವುದೂ ಅಷ್ಟರಲ್ಲೇ.

ಬೆಕ್ಕು ತಾನಾಗಿಯೇ ಮೆಟ್ಟಿಲು ಹತ್ತಿ ಬಂದದ್ದು. ಬಿಳಿ ಮೈ, ಬೆನ್ನ ಮೇಲೆ ಕೇಸರಿ ಬಣ್ಣದ ಒಂದು ಪಟ್ಟೆ, ಯಾರೋ ಅರಿಶಿನ ಕುಂಕುಮದ ಕೈ ಒರೆಸಿದ ಹಾಗೆ. ಅಕ್ಕನ ಪುಸ್ತಕದ ಟ್ರಂಕಿನಲ್ಲಿ ಎರಡು ಮರಿ ಹಾಕಿತು. ಅಂದಿನಿಂದ ಅಕ್ಕನ ಪುಸ್ತಕಗಳೆಲ್ಲ ನೆಲದ ಮೇಲೆ, ಬೆಕ್ಕಿನ ಸಂಸಾರ ಟ್ರಂಕಿನಲ್ಲಿ. ಓದುವಾಗ ಒಂದು ಮರಿ ಮಡಿಲಲ್ಲಿ, ಒಂದು ಹೆಗಲ ಮೇಲೆ. ಅವಳು ಮನುಷ್ಯರ ಹತ್ತಿರ ಹೆಚ್ಚು ಮಾತಾಡುವವಳಲ್ಲ. ದಿನದ ಮಾತೆಲ್ಲ ಬೆಕ್ಕಿನ ಹತ್ತಿರವೇ ಖರ್ಚಾಗುತ್ತಿತ್ತು.

ಅಮ್ಮ ಬೆಕ್ಕಿಗೆ ಮೊಸರನ್ನ ಹಾಕುತ್ತಿದ್ದಳು. "ನಮ್ಮ ಬೆಕ್ಕು ಮೀನು ಮೂಸುದೂ ಇಲ್ಲ" ಎಂದು ಅವಳಿಗೆ ಬಹಳ ಹೆಮ್ಮೆ. ಎದುರು ಮನೆಯ ಮಾಶಿಮಾ, ಅಂದರೆ ನಾವೆಲ್ಲ ಚಿಕ್ಕಮ್ಮನ ಹಾಗೆ ಕರೆಯುತ್ತಿದ್ದ ಬಂಗಾಳಿ ಹೆಂಗಸು, ದಿನಾ ಮಧ್ಯಾಹ್ನ ಇದೇ ಬೆಕ್ಕಿಗೆ ಮೀನಿನ ಮುಳ್ಳು ಹಾಕುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅಮ್ಮನಿಗೂ ಗೊತ್ತಿತ್ತೆಂದು ತೋರುತ್ತದೆ. ಬೆಕ್ಕು ಅಲ್ಲಿಂದ ಬಂದರೆ, ಅದು ಮುಖ ನೆಕ್ಕಿ ಮುಗಿಸುವವರೆಗೂ ಅಮ್ಮ ಆ ಕಡೆ ತಿರುಗುತ್ತಿರಲಿಲ್ಲ.

ಚಳಿ ಹೋಗಿ ಸೆಕೆ ಶುರುವಾದಾಗ ಚಿಗಟ ಬಂತು. ಮೊದಲು ಕಣಕಾಲಿನಲ್ಲಿ ಸಾಲಾಗಿ ಕೆಂಪು ಚುಕ್ಕೆಗಳು. ಆಮೇಲೆ ಹಾಸಿಗೆ ಬಿಡಿಸಿದರೆ ಸಾಸಿವೆ ಸಿಡಿದ ಹಾಗೆ ನೆಗೆತ.

ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಮೇಲಿನ ಹಗ್ಗದ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಯಾರನ್ನೂ ಮುಟ್ಟದೆ ಅಡುಗೆ ಮಾಡುವವಳು. ಬೆಕ್ಕು ಮುಟ್ಟಿದರೆ ಮಡಿ ಕೆಡುವುದಿಲ್ಲ. ಅದು ಹಿರಿಯರೇ ಕೊಟ್ಟ ರಿಯಾಯಿತಿ. ಆದರೆ ಚಿಗಟದ ವಿಷಯದಲ್ಲಿ ಹಿರಿಯರು ಏನೂ ಹೇಳಿ ಹೋಗಿರಲಿಲ್ಲ.

"ಹೋಯ್, ಕೇಳಿತಾ?" ಒಲೆಯ ಮುಂದೆ ನಿಂತು, ನನ್ನ ಕಡೆ ಕೈ ತೋರಿಸಿ, ಅಮ್ಮ ಅಪ್ಪನನ್ನು ಕೂಗಿದಳು. "ಈಗ ಒಂದು ಚಿಗಟ ಇವಳ ಕಾಲಿಂದ ನನ್ನ ಕಾಲಿಗೆ ಹಾರಿತು. ಇವಳಿಗೆ ಸ್ನಾನ ಆಗ್ಲಿಲ್ಲ. ನನಗೆ ಮೈಲಿಗೆ ಆಯ್ತಾ, ಇಲ್ವಾ?"

ಅಪ್ಪ ಕಾಫಿ ಲೋಟ ಕೆಳಗಿಟ್ಟು ಯೋಚಿಸಿದರು. "ಅದು ಹುಳ ಅಲ್ವಾ? ನೊಣ, ಇರುವೆ ಇದ್ದ ಹಾಗೆ. ಹುಳಕ್ಕೆ ಎಂಥ ಮೈಲಿಗೆ?"

"ಇರುವೆ ಒಬ್ಬರ ರಕ್ತ ಕುಡಿದು ಇನ್ನೊಬ್ಬರ ಮೇಲೆ ಕೂತ್ಕೊಳ್ತದಾ? ಇದರ ಹೊಟ್ಟೆಯಲ್ಲಿ ಇವಳ ರಕ್ತ ಉಂಟು. ಅಂದ್ರೆ ಇವಳೇ ಬಂದು ನನ್ನನ್ನು ಮುಟ್ಟಿದ ಹಾಗೆ."

"ಸ್ವಲ್ಪ ಹೊತ್ತಿಗೆ ನಿನ್ನ ರಕ್ತವೂ ಅದರ ಹೊಟ್ಟೆಗೆ ಹೋಗ್ತದಲ್ಲ ಅಮ್ಮ," ಎಂದಳು ಅಕ್ಕ ಪುಸ್ತಕದಿಂದ ತಲೆ ಎತ್ತದೆ. "ಅದು ತಿರುಗಿ ಇವಳ ಮೇಲೆ ಹಾರಿದ್ರೆ ಇವಳಿಗೂ ಮಡಿ ಆಯ್ತು."

"ನಿನ್ನ ಕಾಲೇಜು ನಿನ್ನ ಹತ್ರವೇ ಇರ್ಲಿ!"

ಅನುಮಾನ ಇಟ್ಟುಕೊಂಡು ಅಡುಗೆ ಮಾಡಬಾರದೆಂದು ಅಮ್ಮ ಮತ್ತೆ ಸ್ನಾನಕ್ಕೆ ಹೋದಳು. ಹೊರಗೆ ಬರುವಷ್ಟರಲ್ಲಿ ಇನ್ನೊಂದು ಹಾರಿತು. ಆ ವಾರವೆಲ್ಲ ಅಡುಗೆಮನೆಯಿಂದ ಸೀನುವ ಸದ್ದು, ಹೊರಗಿನ ಕೋಣೆಯಿಂದ ಕೆರೆಯುವ ಸದ್ದು.

ಕೆಳಗೆ ಹೋಟೆಲಿನಲ್ಲಿ ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆಯುತ್ತ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದರು. ಮೇಲಿನಿಂದ ಅವರ ಪಂಚೆಯಲ್ಲಿ ಕೂತು ಇಳಿದ ಚಿಗಟವೊಂದು ಒಂದು ದಿನ ಗಿರಾಕಿಯನ್ನು ಹಿಡಿಯಿತು. ಅವರು ದಿನಾ ಕಾಫಿಗೆ ಬರುವ ನಿವೃತ್ತ ಪ್ರೊಫೆಸರರು, ಮಲ್ಲಿಗೆಯಂಥ ಬಿಳಿ ಪಂಚೆಯವರು. ಕುಳಿತಲ್ಲಿಂದ ಚಂಗನೆ ಎದ್ದರು.

"ಮೊಶಾ ದಾದಾ, ಮೊಶಾ," ಎಂದು ಅಪ್ಪ ತಪ್ಪನ್ನು ಸೊಳ್ಳೆಯ ಮೇಲೆ ಹಾಕಿದರು.

"ಮೊಶಾ ಓಡೆ, ಲಾಫಾಯ್ ನಾ," ಎಂದರು ಪ್ರೊಫೆಸರರು. ಸೊಳ್ಳೆ ಹಾರಾಡುತ್ತದೆ, ನೆಗೆಯುವುದಿಲ್ಲ ಎಂದು ಅರ್ಥ. ಕಾಫಿ ಅರ್ಧಕ್ಕೇ ಬಿಟ್ಟು ಹೋದರು.

ಅಪ್ಪ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. "ಇನ್ನು ಈ ಮನೆಯಲ್ಲಿ ಒಂದೋ ಬೆಕ್ಕು, ಒಂದೋ ನಾನು!"

ಅಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಅದು ಅಪ್ಪನಿಗೆ ಇನ್ನೂ ಸಿಟ್ಟು ತರಿಸಿತು.

"ಚಿಗಟದ ಹೋಟೆಲ್ ಅಂತ ಹೆಸರು ಬಂದ್ರೆ ಮುಗೀತು. ನಾಳೆ ಬೆಳಿಗ್ಗೆ ಮೂರೂ ಹೊರಗೆ."

ಆಗ ಅಕ್ಕ ಎದ್ದು ನಿಂತಳು. ಅಪ್ಪನ ಎದುರು ಅವಳು ಅಷ್ಟು ದೊಡ್ಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬಿಸು ಹಬ್ಬದ ಒಳಗೆ ಈ ಮನೆಯಲ್ಲಿ ಒಂದೂ ಚಿಗಟ ಇಲ್ಲದ ಹಾಗೆ ಮಾಡ್ತೇನೆ. ಅಲ್ಲಿಯವರೆಗೆ ಬೆಕ್ಕು ಬೇರೆ ಕಡೆ ಇರ್ಲಿ. ಚಿಗಟ ಹೋದ್ರೆ ಅವು ವಾಪಸ್ ಬರ್ಬೇಕು."

"ಹಬ್ಬದ ದಿನ ನಿನ್ನ ಅಮ್ಮನ ಕಾಲಲ್ಲಿ ಒಂದು ಕೆಂಪು ಚುಕ್ಕೆ ಕಂಡ್ರೂ ಇಲ್ಲ."

"ಆಯ್ತು."

ಬೇರೆ ಕಡೆ ಎಂದರೆ ಕಾಳಿಘಾಟ್‌ನಲ್ಲಿದ್ದ ಅಕ್ಕನ ಹಳೆಯ ಟೀಚರ್ ಮನೆ. ಅವರ ಹತ್ತಿರ ಆಗಲೇ ನಾಲ್ಕು ಬೆಕ್ಕಿದ್ದವು. ಅಕ್ಕ ಹೋಗಿ ಕೇಳಿದ್ದಕ್ಕೆ, ನಾಲ್ಕಿದ್ದಲ್ಲಿ ಏಳು, ಯಾವಾಗ ಬೇಕಾದರೂ ತಂದು ಬಿಡು ಎಂದಿದ್ದರಂತೆ. ಆದರೆ ಅಕ್ಕನಿಗೆ ಪರೀಕ್ಷೆ ಶುರುವಾಗಿತ್ತು. ಹಾಗಾಗಿ ಮುಚ್ಚಳದ ಬುಟ್ಟಿಯಲ್ಲಿ ತಾಯಿ ಮಕ್ಕಳನ್ನು ಕೂರಿಸಿ, ಮೇಲೆ ಹಳೆಯ ಸೀರೆಯ ತುಂಡು ಬಿಗಿದು, ಟೀಚರಿಗೆಂದು ಒಂದು ಡಬ್ಬಿ ಕೋಡುಬಳೆ ಕೊಟ್ಟು, ನನ್ನನ್ನು ಟ್ರಾಮಿಗೆ ಹತ್ತಿಸಿದಳು.

"ನೀನೇ ಕೈಯಾರೆ ಟೀಚರ್ ಕೈಗೆ ಕೊಡ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಮಾರಾಯ್ತಿ, ನನಗೆ ಅಷ್ಟೂ ತಿಳಿಯುದಿಲ್ವಾ?"

ಟ್ರಾಮು ಹೊರಟ ಕೂಡಲೇ ಬುಟ್ಟಿ ಅಳಲು ಶುರುಮಾಡಿತು. ಕಂಡಕ್ಟರ್ ಬಂದು ನಿಂತ. "ಖುಕಿ, ಝುಡಿತೆ ಕೀ?" ಬುಟ್ಟಿಯಲ್ಲಿ ಏನು ಹುಡುಗಿ, ಎಂದು.

ನಾನು ಹೆದರಿ, "ಖಾಬಾರ್," ಎಂದೆ. ತಿಂಡಿ.

ತಿಂಡಿ ಆಗ ಮೂರು ಸ್ವರದಲ್ಲಿ ಒಟ್ಟಿಗೆ ಕಿರುಚಿತು. ಟ್ರಾಮಿನಲ್ಲಿದ್ದವರೆಲ್ಲ ನಕ್ಕರು. ಒಬ್ಬ ಅಜ್ಜ, ಮದ್ರಾಸಿಗಳು ತಿಂಡಿಯನ್ನು ಸರಿಯಾಗಿ ಬೇಯಿಸುವುದಿಲ್ಲವೋ ಏನೋ ಎಂದ. ಅವರಿಗೆ ನಾವೆಲ್ಲರೂ ಮದ್ರಾಸಿಗಳೇ. ನಾಚಿಕೆಯಿಂದ ನಾನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಇಳಿದದ್ದು ಸರಿಯಾಗಿ ಒಂದು ಮೀನು ಮಾರುಕಟ್ಟೆಯ ಎದುರು.

ಬಿಸಿಲು ಜೋರಾಗಿತ್ತು. ಬುಟ್ಟಿಗೆ ಗಾಳಿ ಆಡಲೆಂದು ಬಟ್ಟೆ ಸ್ವಲ್ಪ ಸಡಿಲಿಸಿದೆ. ನಮ್ಮ ಮೀನು ಮೂಸದ ಬೆಕ್ಕು ಮುಚ್ಚಳ ಎತ್ತಿ, ಒಂದು ಸಲ ಮೂಗು ಅರಳಿಸಿ, ಬಾಣದ ಹಾಗೆ ಮಾರುಕಟ್ಟೆಯೊಳಗೆ ಹೋಯಿತು. ನಾನು ಬಾಗಿಲವರೆಗೆ ಓಡಿದೆ. ಅದರಾಚೆ ಕಾಲಿಡಲು ಆಗಲಿಲ್ಲ. ಹುಟ್ಟಿದಂದಿನಿಂದ ಆ ಊರಲ್ಲೇ ಇದ್ದರೂ ಮೀನಿನ ಮಾರುಕಟ್ಟೆ ಹೊಕ್ಕವಳಲ್ಲ. ಒದ್ದೆ ನೆಲ, ಎಲ್ಲೆಲ್ಲೂ ಹೊಳೆಯುವ ಪೊರೆ. ಒಳಗೆ ಹೋದರೆ ಅಮ್ಮನ ಮೂಗಿಗೆ ಸಿಕ್ಕಿಬೀಳುತ್ತೇನೆಂಬ ಭಯ ಬೇರೆ.

ಬಾಗಿಲ ಹತ್ತಿರದಲ್ಲೇ ಒಬ್ಬ ದಪ್ಪ ಮೀನಿನವನು ಹಲಗೆಯ ಮೇಲೆ ಕೂತಿದ್ದ. ನಮ್ಮ ಬೆಕ್ಕು ಅವನ ಹಲಗೆಯ ಕೆಳಗೆ, ಮುಂಗಾಲಿನಲ್ಲಿ ಒಂದು ಮೀನಿನ ತಲೆ ಒತ್ತಿ ಹಿಡಿದು, ನನ್ನ ಕಡೆ ನೋಡುತ್ತಿತ್ತು. ಇಷ್ಟು ದಿನ ಮೊಸರನ್ನ ತಿನ್ನಿಸಿದ್ದಕ್ಕೆ ಅದರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಕ್ಷಮಿಸಿದ ಹಾಗಿತ್ತು.

"ಎಸೋ ಮಾ, ಎಸೋ," ಒಳಗೆ ಬಾ ತಾಯಿ, ಎಂದು ಮೀನಿನವನು ಕರೆದ.

ಅವನು ಹಿಡಿದುಕೊಡುತ್ತಿದ್ದನೋ ಏನೋ. ನಾನು ಕೇಳಲಿಲ್ಲ. ಮರಿಗಳಿದ್ದ ಬುಟ್ಟಿಯನ್ನು ಹೊಸ್ತಿಲಿನಿಂದಲೇ ಅವನ ಹಲಗೆಯ ಕಡೆಗೆ ವಾಲಿಸಿದೆ. ಮರಿಗಳು ತಾಯಿಯ ಹತ್ತಿರ ಓಡಿದವು. ಬಿಟ್ಟು ಬಂದದ್ದಲ್ಲ, ಅವಕ್ಕೆ ಬೇಕಾದಲ್ಲಿಗೆ ತಲುಪಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬೇಗ ಹೋದರೆ ಅನುಮಾನ ಬರುತ್ತದೆಂದು ಅಲ್ಲೇ ಹತ್ತಿರವಿದ್ದ ಒಂದು ಕೆರೆಯ ದಂಡೆಯ ಮರದ ಕೆಳಗೆ ಕೂತು ಟೀಚರಿನ ಕೋಡುಬಳೆಯನ್ನೆಲ್ಲ ತಿಂದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಕೊಟ್ಯಾ? ಟೀಚರ್ ಎಂಥ ಹೇಳಿದ್ರು?"

"ಕೋಡುಬಳೆ ಬಹಳ ಲಾಯ್ಕ ಉಂಟು ಅಂದ್ರು," ಎಂದೆ. ಅದೊಂದು ನನಗೆ ಖಚಿತವಾಗಿ ಗೊತ್ತಿದ್ದ ವಿಷಯ.

ಇನ್ನು ಅಕ್ಕನ ಯುದ್ಧ. ಒಂದು ಕೈಯಲ್ಲಿ ಪರೀಕ್ಷೆಯ ಪುಸ್ತಕ, ಇನ್ನೊಂದು ಕೈಯಲ್ಲಿ ಹಿಡಿಸೂಡಿ. ಹಾಸಿಗೆ, ಚಾಪೆ ಎಲ್ಲ ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿದಳು. ಹೊದಿಕೆಗಳನ್ನು ದೋಸೆ ಹಿಟ್ಟಿನ ದೊಡ್ಡ ಪಾತ್ರೆಯಲ್ಲಿ ಕುದಿಸಲು ಹೋಗಿ ಅಪ್ಪನಿಂದ ಬೈಸಿಕೊಂಡು, ಸ್ನಾನದ ಹಂಡೆಯಲ್ಲಿ ಕುದಿಸಿದಳು. ನೆಲದ ಸಂದಿಗೆಲ್ಲ ಉಪ್ಪು ತುಂಬಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಾಗ ಚಿಗಟಕ್ಕಿಂತ ಮೊದಲು ನಾವು ಹೊರಗೆ ಓಡಿದೆವು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ದೀಪ. ಊಟದ ತಟ್ಟೆಯಲ್ಲಿ ಅಂಟುವಾಳದ ನೀರು, ನಡುವೆ ಒಂದು ಹಣತೆ. ಮುಸ್ಸಂಜೆ ಹೊತ್ತಿಗೆ ಮೂಲೆಮೂಲೆಯಲ್ಲಿ ಇಡುತ್ತಿದ್ದಳು. ಚಿಗಟ ಬೆಳಕಿಗೆ, ಬಿಸಿಗೆ ನೆಗೆಯುತ್ತದೆ. ಬರೀ ನೀರಾದರೆ ಮೇಲೆ ನಿಂತು ಮತ್ತೆ ಹಾರುತ್ತದೆ, ಅಂಟುವಾಳದ ನೀರಿನಲ್ಲಿ ಮುಳುಗುತ್ತದೆ. ಅಕ್ಕ ಹಾಗೆಂದು ವಿವರಿಸಿದಳು. ನೋಡಿದರೆ ಹಾಗೆಯೇ ಆಯಿತು.

ಒಂದು ಸಂಜೆ ಕರೆಂಟು ಹೋಗಿ, ಬೆಂಕಿಪೊಟ್ಟಣ ಕೇಳಲು ಮಾಶಿಮಾ ಬಂದರು. ಕತ್ತಲ ಮನೆ, ನೆಲದ ಮೇಲೆಲ್ಲ ನೀರಿನ ತಟ್ಟೆ, ನಡುವೆ ದೀಪ. ಅವರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು.

"ಪೂಜೆಯಾ?" ಎಂದು ಪಿಸುಗುಟ್ಟಿದರು.

ಚಿಗಟ ಎಂದು ಹೇಳುವ ಹಾಗಿಲ್ಲ, ಓಣಿಗೆಲ್ಲ ಸುದ್ದಿಯಾಗುತ್ತದೆ. ಅಮ್ಮ ತನ್ನ ಹರಕು ಬಂಗಾಳಿಯಲ್ಲಿ, ಹೌದು, ನಮ್ಮ ಊರಿನ ಪೂಜೆ ಎಂದಳು.

"ಯಾವ ಠಾಕೂರ್?" ಯಾವ ದೇವರು ಎಂದು ಅವರು ಕೇಳಿದರು.

ಅಮ್ಮ ಅಕ್ಕನ ಮುಖ ನೋಡಿದಳು. ಅಷ್ಟರಲ್ಲಿ ಮಾಶಿಮಾರ ಪಾದದ ಪಕ್ಕದಿಂದ ಒಂದು ಚಿಗಟ ನೆಗೆದು ತಟ್ಟೆಗೆ ಬಿತ್ತು.

"ಹನುಮಂತ," ಎಂದಳು ಅಕ್ಕ.

ಮಾಶಿಮಾ ಮೊಣಕಾಲೂರಿ ಎಲ್ಲ ತಟ್ಟೆಗಳಿಗೂ ನಮಸ್ಕಾರ ಮಾಡಿದರು. ಮರುದಿನ ಸಂಜೆ ಸೊಸೆಯನ್ನು ಕರೆದುಕೊಂಡು ಬಂದು ತಟ್ಟೆಗೊಂದು ಕೆಂಪು ದಾಸವಾಳ ಹಾಕಿದರು. ಆ ದಿನ ಚಿಗಟಗಳು ದಾಸವಾಳ ಹತ್ತಿ ಜೀವ ಉಳಿಸಿಕೊಂಡವು. ಅಕ್ಕ ಹಲ್ಲು ಕಚ್ಚಿಕೊಂಡು ಪ್ರಸಾದವೆಂದು ಇಬ್ಬರಿಗೂ ಬಾಳೆಹಣ್ಣು ಕೊಟ್ಟು ಕಳಿಸಿದಳು.

ಅಕ್ಕನ ಪ್ರೀತಿ ಬರೀ ಯುದ್ಧಕ್ಕೆ ನಿಲ್ಲಲಿಲ್ಲ. ಬೆಕ್ಕಿಗೆ ಹೊಸ ಜಾಗದಲ್ಲಿ ಊಟ ಸೇರುತ್ತದೋ ಇಲ್ಲವೋ ಎಂದು ಆಗಾಗ ಒಂದು ಟಿಫಿನ್ ಡಬ್ಬಿ ಮೊಸರನ್ನ ಕಟ್ಟಿ ನನ್ನನ್ನು ಕಾಳಿಘಾಟ್‌ಗೆ ಅಟ್ಟುತ್ತಿದ್ದಳು. ನಾನು ಹೋಗುತ್ತಿದ್ದದ್ದು ಮೀನು ಮಾರುಕಟ್ಟೆಗೆ. ಮೊದಮೊದಲು ಬಾಗಿಲಲ್ಲಿ ನಿಲ್ಲುತ್ತಿದ್ದವಳು, ಆಮೇಲೆ ಲಂಗ ಎತ್ತಿ ಹಿಡಿದು ಮೀನಿನವನ ಹಲಗೆಯವರೆಗೂ ಹೋಗಲು ಕಲಿತೆ. ಮೊಸರನ್ನ ಮುಂದಿಟ್ಟರೆ ಬೆಕ್ಕು ಅದನ್ನು ಮೂಸಿ, ಹಿಂಗಾಲಿನಿಂದ ಮಣ್ಣು ಮುಚ್ಚುವ ಹಾಗೆ ಮಾಡಿ, ಆ ಕಡೆ ತಿರುಗಿ ಕೂರುತ್ತಿತ್ತು. ಅನ್ನ ಚೆಲ್ಲಬಾರದಲ್ಲ. ಕೆರೆಯ ದಂಡೆಯಲ್ಲಿ ಕೂತು ನಾನೇ ತಿನ್ನುತ್ತಿದ್ದೆ.

"ತಿಂದ್ವಾ?" ಎಂದು ಅಕ್ಕ ಕೇಳುವಳು.

"ಡಬ್ಬಿ ನೋಡು, ಒಂದು ಅಗುಳು ಬಿಡ್ಲಿಲ್ಲ."

"ಸಣ್ಣ ಆಗಿದ್ದಾವಾ?"

"ಇಲ್ಲ, ದಪ್ಪ ಆಗಿದ್ದಾವೆ."

"ನೀನೂ ದಪ್ಪ ಆಗ್ತಿದ್ದಿ," ಎಂದಳು ಅಮ್ಮ ಒಳಗಿನಿಂದ. "ಬಿಸಿಲಲ್ಲಿ ಅಷ್ಟು ತಿರುಗಿದ್ರೂ ಹೇಗೆ ಮಾರಾಯ್ತಿ?"

ದಿನ ಕಳೆದಂತೆ ತಟ್ಟೆಯಲ್ಲಿ ಮುಳುಗಿದ ಚಿಗಟ ಕಡಿಮೆಯಾಗುತ್ತ ಬಂತು. ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಎಬ್ಬಿಸಿ ತಟ್ಟೆ ತೋರಿಸಿದಳು. ನೀರು ಸ್ವಚ್ಛವಾಗಿತ್ತು. ಅವಳ ಮುಖದಲ್ಲಿ ಎಂಥ ಸಂತೋಷವೆಂದರೆ, ಪಾಸಾದಾಗಲೂ ನಾನು ಅದನ್ನು ಕಂಡಿರಲಿಲ್ಲ. "ನೋಡು! ಒಂದೂ ಇಲ್ಲ. ಹಬ್ಬಕ್ಕೆ ಅವು ಮನೆಗೆ ಬರ್ತವೆ."

ಚಿಗಟ ಹೋದರೆ ಬೆಕ್ಕು ಬರಬೇಕು. ಬೆಕ್ಕು ಬರಬೇಕಾದರೆ ಟೀಚರ್ ಮನೆಗೆ ಹೋಗಬೇಕು. ಟೀಚರ್ ಮನೆಗೆ ಹೋದರೆ ನನ್ನ ಕಥೆ ಮುಗಿಯಿತು. ಏಳನೆಯದರಲ್ಲಿ ಲೆಕ್ಕ ಬಾರದ ನನಗೆ ಈ ಲೆಕ್ಕ ಮಾತ್ರ ಎಷ್ಟು ಬೇಗ ಬಂತೋ! ಉತ್ತರವೂ ಅಷ್ಟೇ ಬೇಗ ಹೊಳೆಯಿತು: ಚಿಗಟ ಹೋಗಬಾರದು.

ಮುಂದಿನ ಸಲ ಮಾರುಕಟ್ಟೆಗೆ ಹೋದಾಗ, ಮರಿಗಳು ಮಲಗುತ್ತಿದ್ದ ಗೋಣಿಚೀಲದ ಒಂದು ತುಂಡನ್ನು ಖಾಲಿ ಟಿಫಿನ್ ಡಬ್ಬಿಗೆ ತುರುಕಿ ಮನೆಗೆ ತಂದೆ. ಅಕ್ಕ ಸ್ನಾನಕ್ಕೆ ಹೋದಾಗ ಸುತ್ತಿಟ್ಟ ಹಾಸಿಗೆಗಳ ಹಿಂದೆ ಅದನ್ನು ಕೊಡವಿದೆ. ಹೊಸ ಮನೆಗೆ ನೆಂಟರು ಬಂದ ಹಾಗೆ ಚಿಗಟಗಳು ನಾಲ್ಕು ದಿಕ್ಕಿಗೆ ಹೋದವು.

"ಮೀನಿನ ವಾಸನೆ ಎಲ್ಲಿಂದ ಬರ್ತಾ ಉಂಟು?" ಎಂದಳು ಅಮ್ಮ.

"ಮಾಶಿಮಾ ಮನೆಯಿಂದ," ಎಂದೆ. ಕಿಟಕಿ ಮುಚ್ಚಿಸಿದಳು.

ಮರುದಿನ ತಟ್ಟೆಯಲ್ಲಿ ಮತ್ತೆ ಚಿಗಟ. ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಮತ್ತೆ ಹಾಸಿಗೆ ತಾರಸಿಗೆ, ಮತ್ತೆ ಹಂಡೆ, ಮತ್ತೆ ಉಪ್ಪು. ಮತ್ತೆ ಕಡಿಮೆಯಾಯಿತು. ನಾನು ಮತ್ತೆ ಡಬ್ಬಿ ತೆಗೆದುಕೊಂಡು ಹೊರಟೆ. ಅವಳು ನಿದ್ದೆಗೆಟ್ಟು ಕೊಲ್ಲುತ್ತಿದ್ದಳು, ನಾನು ಟ್ರಾಮಿನಲ್ಲಿ ಹೋಗಿ ತರುತ್ತಿದ್ದೆ. ಕೆಲವೊಮ್ಮೆ ಅವಳ ಜೊತೆಗೇ ಕೂತು ಸಂದಿಯಲ್ಲಿ ಉಪ್ಪು ತುಂಬುತ್ತಿದ್ದೆ. "ಪಾಪ, ನೀನೂ ಎಷ್ಟು ಕಷ್ಟಪಡ್ತಿ," ಎಂದು ಅಕ್ಕ ನನ್ನ ಕಾಲಿನ ಕಚ್ಚಿದ ಗಾಯಗಳಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಪರೀಕ್ಷೆ ಬರೆದು ಬಂದವಳು ಭೂತಕನ್ನಡಿ ಹಿಡಿದು ನೆಲದ ಮೇಲೆ ಬೋರಲು ಮಲಗಿದ್ದಳು. "ಸತ್ತದ್ದು ಹೇಗೆ ವಾಪಸ್ ಬರ್ತದೆ?" ಎಂದಳು, ನನಗಲ್ಲ, ನೆಲಕ್ಕೆ. "ನನ್ನ ಕ್ರಮದಲ್ಲೇ ಎಲ್ಲಿಯೋ ತಪ್ಪುಂಟು." ಆಗ ಹೇಳಬಹುದಿತ್ತು. ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ.

ಬಿಸು ಹಬ್ಬ ಬಂತು. ನಮ್ಮ ಹೊಸ ವರ್ಷ ಆ ಸಲ ಬಂಗಾಳಿಗಳ ಪೊಯ್ಲಾ ಬೈಶಾಖದ ದಿನವೇ ಬಿದ್ದಿತ್ತು; ಓಣಿಯಲ್ಲೆಲ್ಲ ಹೊಸ ಸೀರೆ, ಮಿಠಾಯಿ. ಬೆಳಿಗ್ಗೆ ನಾವು ಅಮ್ಮನ ಕಾಲಿಗೆ ನಮಸ್ಕಾರ ಮಾಡುವಾಗ ಅವಳ ಪಾದದ ಮೇಲೆ ಕೆಂಪು ಚುಕ್ಕೆ ಕಂಡಿತು. ಅಕ್ಕನೂ ಅದನ್ನು ನೋಡಿದಳು. ಅಮ್ಮ ಸೀರೆಯ ಅಂಚು ಎಳೆದು ಪಾದ ಮುಚ್ಚಿಕೊಂಡಳು. ಮಡಿಗಾಗಿ ದಿನಕ್ಕೆ ಮೂರು ಸಲ ಮಿಂದ ಅಮ್ಮ, ಅಕ್ಕನ ಬೆಕ್ಕಿಗಾಗಿ ಅಪ್ಪನಿಂದ ಅದನ್ನು ಬಚ್ಚಿಟ್ಟಳು.

ಅಕ್ಕ ಹೊಸ ಸೀರೆ ಉಟ್ಟು ಬುಟ್ಟಿ ಹಿಡಿದು ಹೊರಟಳು. ನಾನು ಹಿಂದೆಯೇ ಓಡಿದೆ. ಟ್ರಾಮಿನಲ್ಲಿ ಆ ಮಾರುಕಟ್ಟೆ ಹತ್ತಿರ ಬಂದಾಗ ನನ್ನ ಬಾಯಿಂದ ಬಂದೇಬಿಟ್ಟಿತು. "ಅಕ್ಕ, ಇಲ್ಲಿ ಇಳೀಬೇಕು."

"ಯಾಕೆ? ಟೀಚರ್ ಮನೆ ಬದಲಾಯಿಸಿದ್ರಾ?"

"ಟೀಚರ್ ಅಲ್ಲ. ಬೆಕ್ಕು."

ಮಾರುಕಟ್ಟೆಯ ಬಾಗಿಲಲ್ಲಿ ನಿಂತು, ಬುಟ್ಟಿಯಿಂದ ಕೋಡುಬಳೆಯವರೆಗೆ ಎಲ್ಲ ಹೇಳಿದೆ. ಗೋಣಿಚೀಲದ ವಿಷಯ ಮಾತ್ರ ಹೇಳಲಿಲ್ಲ. ಅಕ್ಕ ನನಗೆ ಹೊಡೆಯಲಿಲ್ಲ. ಹೊಸ ಸೀರೆಯಲ್ಲೇ, ಒಂದು ಕ್ಷಣವೂ ತಡೆಯದೆ, ಆ ಒದ್ದೆ ನೆಲದ ಮೇಲೆ ನಡೆದು ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಬೆಕ್ಕು ಬಂದು ಅವಳ ಮೊಣಕಾಲಿಗೆ ತಲೆ ಉಜ್ಜಿತು. ಆಮೇಲೆ ಮೀನಿನವನ ಹತ್ತಿರ ಹೋಗಿ ಕೂತಿತು.

"ಇದು ಈಗ ನನ್ನದು ದಿದಿ," ಎಂದ ಅವನು ಬಂಗಾಳಿಯಲ್ಲಿ. "ಇಲಿ ಹಿಡಿಯುತ್ತದೆ. ಒಂದು ಮರಿಯನ್ನು ಒಬ್ಬ ಗಿರಾಕಿ ಕೇಳಿ ಒಯ್ದ. ಇನ್ನೊಂದು ಬೇಕಾದರೆ ನೀನು ತೆಗೆದುಕೊ. ಏನು ಹಾಕುತ್ತೀ?"

"ಮೊಸರನ್ನ," ಎಂದಳು ಅಕ್ಕ.

ಮೀನಿನವನು ಮರಿಯನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದ. ಹೊಸ ವರ್ಷವೆಂದು ನಮ್ಮಿಬ್ಬರಿಗೂ ಒಂದೊಂದು ಸಂದೇಶ್ ಕೊಟ್ಟ. ಮೀನು ಮುಟ್ಟಿದ ಕೈಯ ಮಿಠಾಯಿ. ನಾನು ಹಿಡಿದುಕೊಂಡು ನಿಂತೆ. ಅಕ್ಕ ಒಂದೇ ತುತ್ತಿಗೆ ತಿಂದು, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಅಪ್ಪ ಮೇಲಿನ ಕೋಣೆಯಲ್ಲೇ ಇದ್ದರು. ಹಬ್ಬದ ಬಿಳಿ ಪಂಚೆ ಉಟ್ಟಿದ್ದರು. ಮರಿಯನ್ನು ನೋಡಿದರು, ಅಮ್ಮನ ಕಡೆ ತಿರುಗಿದರು. "ಕಾಲು ತೋರಿಸು."

"ಅದು ಸೊಳ್ಳೆ," ಎಂದಳು ಅಮ್ಮ, ಇನ್ನೂ ತೋರಿಸುವ ಮೊದಲೇ.

ಆ ಹೊತ್ತಿಗೆ ಸರಿಯಾಗಿ ನನ್ನ ಚಿಗಟವೊಂದು, ನಾನೇ ಎರಡು ದಿನದ ಹಿಂದೆ ತಂದು ಬಿಟ್ಟದ್ದು, ಹಾಸಿಗೆಯ ಸುರುಳಿಯಿಂದ ಹಾರಿ ಅಪ್ಪನ ಬಿಳಿ ಪಂಚೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಿತು.

ಅಪ್ಪ ಸಿಟ್ಟಿನಲ್ಲಿ ಇರಲಿಲ್ಲ, ಬೇಸರದಲ್ಲೇ ಹೇಳಿದರು, "ನೀನು ಮಾಡ್ಬೇಕಾದ್ದೆಲ್ಲ ಮಾಡಿ ಆಯ್ತಲ್ಲ ಮಗಾ. ಹೋಗ್ಲಿಲ್ಲ. ಮಾತು ಮಾತೇ."

ಅಕ್ಕ ನನ್ನ ಕಡೆ ನೋಡಿದಳು. ಎಷ್ಟು ದುಡಿದೆವೆಂದು ನೀನಾದರೂ ಹೇಳು ಎನ್ನುವ ಹಾಗೆ. ಬೆಕ್ಕು ಬಿಟ್ಟು ಬಂದದ್ದನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ, ಹೇಳುವವಳೂ ಅಲ್ಲ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು: ಅಪ್ಪ, ಅಕ್ಕ ಗೆದ್ದು ಎಷ್ಟೋ ದಿನವಾಯಿತು, ಇವೆಲ್ಲ ನಾನು ತಂದದ್ದು. ಮರಿ ಮನೆಯಲ್ಲಿ ಉಳಿಯುತ್ತಿತ್ತು. ನನ್ನ ಕೈಯಲ್ಲಿ ಇನ್ನೂ ಆ ಸಂದೇಶ್ ಇತ್ತು. ಅದನ್ನು ಬಾಯಿಗೆ ಹಾಕಿಕೊಂಡೆ.

ಅಕ್ಕ ತಾನೇ ಹೋಗಿ ಮರಿಯನ್ನು ತಾಯಿಯ ಹತ್ತಿರ ಬಿಟ್ಟು ಬಂದಳು. ಆ ದಿನ ಪಾಯಸ ಮುಟ್ಟಲಿಲ್ಲ.

ಇನ್ನು ತರುವ ಅಗತ್ಯವಿರಲಿಲ್ಲವಾದ್ದರಿಂದ ನಾನು ತರುವುದು ನಿಲ್ಲಿಸಿದೆ. ಉಳಿದ ಚಿಗಟಗಳು ಕೆಲವೇ ದಿನದಲ್ಲಿ ಅಕ್ಕನ ತಟ್ಟೆಯಲ್ಲಿ ಮುಳುಗಿ ಮುಗಿದವು. ಅಮ್ಮ, "ನೋಡಿದ್ಯಾ? ಆ ಮರಿಯ ಹಿಂದೆಯೇ ಎಲ್ಲ ಹೊರಟುಹೋದವು," ಎಂದಳು. ಅಕ್ಕನೂ ಅದನ್ನೇ ನಂಬಿದಳು. ಪ್ರಾಣಿಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂತು. ಆದರೆ ಯಾರಾದರೂ ಚಿಗಟದ ಮಾತೆತ್ತಿದರೆ, "ಅದಕ್ಕೆ ಮದ್ದಿಲ್ಲ, ನಾನು ಎಲ್ಲ ಮಾಡಿ ನೋಡಿದ್ದೇನೆ," ಎಂದು ಎದ್ದುಹೋಗುತ್ತಿದ್ದಳು. ಮತ್ತೆಂದೂ ಬೆಕ್ಕು ಸಾಕಲಿಲ್ಲ.

ಈಗ ಅವಳ ಮೊಮ್ಮಗಳಿಗೆ ಬೆಕ್ಕಿನ ಮರಿ ಬೇಕಂತೆ. ಮೊನ್ನೆ ಫೋನಿನಲ್ಲಿ ಹೇಳಿದಳು. "ಹಠ ಮಾಡಿ ಅಳ್ತಾ ಉಂಟು. ನಾನು ಬೇಡ ಅಂದೆ. ಚಿಗಟ ಬರ್ತದೆ."

"ತರ್ಲಿ ಅಕ್ಕ," ಎಂದೆ.

"ನಿನಗೆ ಎಂಥ ಗೊತ್ತುಂಟು ಚಿಗಟದ ಸಂಗತಿ?"

ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ. ಆದರೂ ಫೋನು ಹಿಡಿದುಕೊಂಡು, "ಹೌದು, ನನಗೆಂಥ ಗೊತ್ತು," ಎಂದುಬಿಟ್ಟೆ. ನಾಲಿಗೆಗೆ ಬಾರದ್ದು ಕೈಗಾದರೂ ಬರಲಿ ಎಂದು ಇದನ್ನು ಬರೆದಿದ್ದೇನೆ. ಅಕ್ಕ ಕನ್ನಡದಲ್ಲಿ ಅಚ್ಚಾದದ್ದನ್ನು ಏನೂ ಬಿಡದೆ ಓದುತ್ತಾಳೆ. ಇದನ್ನೂ ಓದುತ್ತಾಳೆ. ಬೈಯುವುದು ಎಷ್ಟು ದಿನವಾದರೂ ಬೈಯಲಿ. ಅದಕ್ಕೆ ಮೊದಲು ಆ ಮಗುವಿಗೆ ಮರಿ ತಂದುಕೊಡಲಿ.